ನೂರೈವತ್ತು ದಿನಗಳ ಬಡ್ಡಿ

2018ರ ಮೇ ತಿಂಗಳಲ್ಲಿ ನನ್ನ ಅಣ್ಣ ಅಕಾಲದಲ್ಲಿ ತೀರಿಕೊಂಡಾಗ, ದೇವನಹಳ್ಳಿಯ ಕೋಟೆಯ ಹೊರಗಿನ ನಮ್ಮ ಮನೆಯಲ್ಲಿ ಉಳಿದದ್ದು ಅತ್ತಿಗೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎರಡು ಎಕರೆ ದ್ರಾಕ್ಷಿ ತೋಟ, ಮತ್ತು ಪೆಟ್ಟಿಗೆಯ ತಳದಲ್ಲಿ ಸೀರೆಯ ಮಡಿಕೆಯೊಳಗಿದ್ದ ಐದು ಲಕ್ಷ ರೂಪಾಯಿಯ ಜೀವವಿಮೆಯ ಬಾಂಡು. ನಾಮಿನಿಯಾಗಿ ಅತ್ತಿಗೆಯ ಹೆಸರೇ ಇದ್ದಿತು. ಶಾಲೆಯ ಶುಲ್ಕಕ್ಕೂ ತೋಟದ ಔಷಧಿಗೂ ಅವರು ಜೂನ್ ನಡುವೆ ಐವತ್ತು ಸಾವಿರ ಕೈಸಾಲ ತಂದರು. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ.

ಮರಣ ಪ್ರಮಾಣಪತ್ರ, ಮೂಲ ಬಾಂಡು, ಕ್ಲೇಮ್ ಅರ್ಜಿ, ಪಾಸ್‌ಬುಕ್ಕಿನ ಪ್ರತಿ ಇವೆಲ್ಲವನ್ನೂ ನಾನೇ ವಿಮಾ ಕಂಪನಿಯ ಶಾಖೆಗೆ ಒಯ್ದು, ಗುಮಾಸ್ತರ ಕೈಗೆ ಒಪ್ಪಿಸಿ, ಸ್ವೀಕೃತಿಯನ್ನು ಕೇಳದೆಯೇ ಹಿಂದಿರುಗಿದೆನು. ತಿಂಗಳಾದ ಮೇಲೆ ಪಾಸ್‌ಬುಕ್ಕಿನ ಪ್ರತಿ ಕಡತದಲ್ಲಿಲ್ಲವೆಂದರು. ಜುಲೈ 20ರಂದು ಇನ್ನೊಂದನ್ನು ಕೊಡುವಾಗ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ವಿಜಯಪುರದ ರೇಷ್ಮೆ ಬೆಳೆಗಾರರೊಬ್ಬರು, “ಜೆರಾಕ್ಸ್ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ ಸ್ವಾಮಿ” ಎಂದರು. ಆ ಅಪರಿಚಿತರ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ.

ಹಣ ಬಂದದ್ದು ಡಿಸೆಂಬರ್ 17ರಂದು; ಐದು ಲಕ್ಷ, ಅದಕ್ಕೆ ಒಂದು ಕಾಸೂ ಹೆಚ್ಚಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ನಿಯಮಗಳಂತೆ, ತನಿಖೆ ಬೇಕಿಲ್ಲದ ಮರಣದ ಕ್ಲೇಮನ್ನು ಕೊನೆಯ ಕಾಗದ ಕೈಸೇರಿದ ಮೂವತ್ತು ದಿನಗಳೊಳಗೆ ಇತ್ಯರ್ಥಗೊಳಿಸಬೇಕಿತ್ತು. ತಪ್ಪಿದರೆ, ಆ ಕಾಗದ ಸಂದ ದಿನದಿಂದಲೇ, ಆರ್ಥಿಕ ವರ್ಷಾರಂಭದಲ್ಲಿದ್ದ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರಕ್ಕೆ ಶೇಕಡಾ 2ನ್ನು ಕೂಡಿಸಿ ಬಡ್ಡಿ ಕೊಡಬೇಕಿತ್ತು. ಆ ವರ್ಷದ ದರ ಶೇಕಡಾ 6.25. ಕೂಡಿಸಿದರೆ 8.25, ನೂರೈವತ್ತು ದಿನಗಳಿಗೆ 16,952 ರೂಪಾಯಿ. ಸ್ವೀಕೃತಿಯಿಲ್ಲದ, ಜುಲೈ 20ಕ್ಕೆ ಮೊದಲಿನ ದಿನಗಳನ್ನು ನಾನೇ ಕಳೆದಿದ್ದೆನು. (2024ರಿಂದೀಚೆಗೆ ಗಡುವು ಹದಿನೈದು ದಿನಗಳಿಗೆ, ತನಿಖೆಯಿದ್ದರೆ ನಲವತ್ತೈದಕ್ಕೆ ಇಳಿದಿದೆ.)

ಆದರೆ ಈ ಬಡ್ಡಿಯನ್ನು ಕೇಳಲು ಅತ್ತಿಗೆ ಒಪ್ಪಲಿಲ್ಲ. “ಸತ್ತೋರ ದುಡ್ಡಿಗೂ ಬಡ್ಡಿ ಕೇಳ್ತಾರೇನಪ್ಪಾ?” ಎಂದು ಮುಖ ತಿರುಗಿಸಿದರು. ಆ ಸಂಕೋಚವು ಗೌರವಾರ್ಹವಾದುದು. ಮೃತನ ಹೆಸರಿನಲ್ಲಿ ಲೆಕ್ಕ ಹಾಕುವುದು ನಮ್ಮ ಮನೆಗಳಲ್ಲಿ ಅಮಂಗಳವೆನಿಸುತ್ತದೆ. ಆದರೂ, ಅವರ ಐದು ಲಕ್ಷವು ಪರರ ಖಜಾನೆಯಲ್ಲಿ ಐದು ತಿಂಗಳು ನಿಂತಿದ್ದಾಗ, ಅದೇ ಐದು ತಿಂಗಳೂ ಅವರು ತಾವು ತಂದ ಸಾಲಕ್ಕೆ ಆ ಶೇಕಡಾ 8.25ರ ನಾಲ್ಕು ಮಡಿಗೂ ಮಿಕ್ಕ ದರದಲ್ಲಿ ಬಡ್ಡಿಗೆ ಬಾಧ್ಯರಾಗಿದ್ದರೆಂಬುದನ್ನು ನಾನು ಹೇಗೆ ಮರೆಯಲಿ? ಡಿಸೆಂಬರಿನಲ್ಲಿ ಅಸಲನ್ನು ತೀರಿಸಿ, ಮಿಕ್ಕುದನ್ನು ಮಕ್ಕಳ ಹೆಸರಿಗೆ ಠೇವಣಿಯಿಟ್ಟಿದ್ದರು. ಆರು ತಿಂಗಳ ಬಡ್ಡಿ ಒಂಬತ್ತು ಸಾವಿರ ಹಾಗೆಯೇ ಉಳಿದಿತ್ತು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ, ಬಹಳ ಹೊತ್ತು ಸುಮ್ಮನಿದ್ದು ಸಹಿ ಹಾಕಿದರು.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರಕ್ಕೆ ತಿಂಗಳಾದರೂ ಉತ್ತರ ಬಾರದಿರಲು, ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಟ್ಟೆವು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕೊನೆಯ ಕಾಗದ ಯಾವಾಗ ಬಂದಿತೆಂಬ ಪ್ರಶ್ನೆಗೆ ನಮ್ಮಲ್ಲಿದ್ದ ಉತ್ತರ ಆ ಸೀಲಿನ ಜೆರಾಕ್ಸ್ ಒಂದೇ. ವಿಚಾರಣೆಗೆ ಮೊದಲೇ ಕಂಪನಿಯವರು ಹಣ ಜಮಾ ಮಾಡಿದರು.

ಅಂದು ಸಂಜೆ ಅತ್ತಿಗೆ, ದೀಪ ಹಚ್ಚಿದ ಮೇಲೆ ಮನೆಯಿಂದ ಹಣ ಹೊರಗೆ ಹೋಗಬಾರದೆಂದು ಅವಸರ ಅವಸರವಾಗಿ ಒಂಬತ್ತು ಸಾವಿರ ಎಣಿಸಿ ನನ್ನ ಕೈಗಿತ್ತು, “ಇದು ನಿಮ್ಮಣ್ಣಂದಲ್ಲ ಬಿಡಿ, ನಾನು ಕಾದಿದ್ದಕ್ಕೆ ಬಂದಿದ್ದು. ಕತ್ತಲಾಗೋದ್ರೊಳಗೆ ಕೊಟ್ಟುಬನ್ನಿ” ಎಂದರು.