ಮಕ್ಕಳ ಮಾಡೆಲ್‌ಗೆ ಯಾವ ಗಮ್ ಒಳ್ಳೇದು?

ವಿಜ್ಞಾನ ಮೇಳ ಬಂತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ನಮ್ಮ ಮಕ್ಕಳು 33 ಗೇಟಿನ ತುಂಗಭದ್ರಾ ಡ್ಯಾಮು, ಹಂಪಿಯ ಕಲ್ಲಿನ ರಥ ಮಾಡಲು ಕೂರುತ್ತಾರೆ. ಕೈಗೆ ಸಿಕ್ಕ ಗಮ್ ಹಚ್ಚಿದರೆ ಮಾಡೆಲ್ಲೂ ಕೆಡುತ್ತೆ, ಆರೋಗ್ಯವೂ ಕೆಡುತ್ತೆ. ಆದ್ದರಿಂದ ಇಷ್ಟು ತಿಳಿದಿರೋಣ.

1. ಥರ್ಮಾಕೋಲ್, ರಟ್ಟು: ಫೆವಿಕಾಲ್‌ನಂಥ ಬಿಳಿ ಗಮ್ ಸಾಕು. ನಿಧಾನ ಒಣಗಿದರೂ ಅಪಾಯ ಕಡಿಮೆ. ಘಾಟು ವಾಸನೆಯ ಗಮ್‌ಗೆ ಥರ್ಮಾಕೋಲ್ ಕರಗಿಬಿಡಬಹುದು.

2. ಕಿಟ್‌ನ ಗಟ್ಟಿ ಪ್ಲಾಸ್ಟಿಕ್: ಇದಕ್ಕೆ ಪಾಲಿಸ್ಟೈರಿನ್ ಸಿಮೆಂಟ್. ಅಂಚನ್ನೇ ಕರಗಿಸಿ ಬೆಸೆಯುತ್ತದೆ, ತೆಳ್ಳಗೆ ಹಚ್ಚಿ. ಆವಿ ಕೆಟ್ಟದ್ದು, ಬೇಗ ಬೆಂಕಿ ಹತ್ತುತ್ತೆ. ಕಿಟಕಿ ತೆರೆದು, ಒಲೆ-ದೀಪದಿಂದ ದೂರ, ದೊಡ್ಡವರ ಎದುರಲ್ಲೇ ಬಳಸಲಿ.

3. ಫೆವಿಕ್ವಿಕ್: ಬೆರಳು ಅಂಟಿದರೆ ಎಳೆಯಬೇಡಿ, ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ನೆನೆಸಿ. ಹತ್ತಿಯಿಂದ ಒರೆಸಿದರೆ ಬಿಸಿಯೇರಿ ಸುಡಬಹುದು. ಕಣ್ಣಿಗೆ ಬಿದ್ದರೆ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

4. ಬಕೆಟ್, ಬಾಟಲಿ ಮುಚ್ಚಳ: ಇವಕ್ಕೆ ಸಾಮಾನ್ಯ ಗಮ್ ಹಿಡಿಯಲ್ಲ. ತೂತು ಮಾಡಿ ತಂತಿ ಕಟ್ಟಿ.

ಪಾಲಕರೇ, ಪಂಕ್ಚರ್ ಸಲ್ಯೂಷನ್, ಸಿಮೆಂಟ್ ಮೂಸುವುದು ಆಟವಲ್ಲ. ಮೆದುಳು ಹಾಳಾಗುತ್ತದೆ, ಹೃದಯ ನಿಂತು ಜೀವವೇ ಹೋಗಬಹುದು. ಕೆಲಸ ಮುಗಿದ ಮೇಲೆ ಟ್ಯೂಬ್ ಎಣಿಸಿ ಎತ್ತಿಡಿ. ಮಗು ಮೂಸುವುದು ಕಂಡರೆ ಹೊಡೆಯಬೇಡಿ. ಹತ್ತಿರ ಕೂರಿಸಿ ಮಾತಾಡಿ, ಡಾಕ್ಟರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.