ಹಿಂದೂ ಮಹಾಸಾಗರದ ನೆರೆಹೊರೆ

ವಿಜ್ಞಾನಕ್ಕೆ ದೇಶವಿಲ್ಲವೆಂದು ಹೇಳುವುದು ವಾಡಿಕೆ. ಆದರೆ ವಿಜ್ಞಾನದ ಉಪಕರಣಗಳಿಗೆ ದೇಶವುಂಟು. ಅವುಗಳನ್ನು ಕೊಳ್ಳುವ ಹಣಕ್ಕೂ, ಅವು ಕೊಡುವ ಮಾಹಿತಿಯನ್ನು ಹಂಚಬೇಕೋ ಬಾರದೋ ಎಂದು ತೀರ್ಮಾನಿಸುವ ಅಧಿಕಾರಕ್ಕೂ ದೇಶವುಂಟು. ಆದಕಾರಣ ನೆರೆಹೊರೆಯ ಸರ್ಕಾರಗಳು ಒಪ್ಪಿ ನಡೆದಲ್ಲದೆ ಒಂದು ಪ್ರದೇಶದ ಜನರಿಗೆ ವಿಜ್ಞಾನದ ಫಲ ಪೂರ್ಣವಾಗಿ ದಕ್ಕಲಾರದು. ಹಿಂದೂ ಮಹಾಸಾಗರದ ಸುನಾಮಿ ಮುನ್ನೆಚ್ಚರಿಕೆ ವ್ಯವಸ್ಥೆಯ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ.

2004ನೆಯ ಇಸವಿ ಡಿಸೆಂಬರ್ 26, ಭಾನುವಾರ. ಭಾರತೀಯ ಕಾಲಮಾನದಲ್ಲಿ ಬೆಳಿಗ್ಗೆ ಸುಮಾರು ಆರೂವರೆ ಗಂಟೆಗೆ ಸುಮಾತ್ರಾ ದ್ವೀಪದ ಬಳಿ ಕಡಲ ತಳದಲ್ಲಿ ಭಾರೀ ಭೂಕಂಪವಾಯಿತು. ಹತ್ತಿರದ ಕರಾವಳಿಯನ್ನು ಅಲೆಗಳು ಅರ್ಧ ಗಂಟೆಯೊಳಗೇ ನುಂಗಿದವು. ತಮಿಳುನಾಡು ಮತ್ತು ಶ್ರೀಲಂಕಾ ತೀರಗಳನ್ನು ಮುಟ್ಟಲು ಅವುಗಳಿಗೆ ಸುಮಾರು ಎರಡು ಗಂಟೆ ಹಿಡಿಯಿತು; ಆಫ್ರಿಕದ ಸೊಮಾಲಿಯವನ್ನು ತಲುಪಲು ಸುಮಾರು ಏಳು ಗಂಟೆ. ಇಷ್ಟು ಅವಕಾಶವಿದ್ದರೂ ನಾಗಪಟ್ಟಣದ ಮೀನುಗಾರನಿಗೆ ಸುದ್ದಿ ಬರಲಿಲ್ಲ. ಹನ್ನೆರಡಕ್ಕೂ ಹೆಚ್ಚು ದೇಶಗಳಲ್ಲಿ ಒಟ್ಟು ಸುಮಾರು 2,30,000 ಜನ ಮಡಿದರು.

ಇದಕ್ಕೆ ಜ್ಞಾನದ ಕೊರತೆ ಕಾರಣವೇ? ಅಲ್ಲ. ಭೂಕಂಪದ ಕಂಪನವು ನೆಲದೊಳಗೆ ಸೆಕೆಂಡಿಗೆ ಹಲವು ಕಿಲೋಮೀಟರು ಓಡುತ್ತದೆ. ಸುನಾಮಿಯ ಅಲೆಯಾದರೋ 4,000 ಮೀಟರ್ ಆಳದ ಕಡಲಿನಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರು ಮಾತ್ರ ಚಲಿಸುತ್ತದೆ. ಕಂಪನವು ಮೊದಲು ಬರುವ ದೂತ; ಅಲೆಯು ಅದರ ಹಿಂದೆ ಬರುವ ಶತ್ರು. ಇವೆರಡರ ನಡುವಣ ಕಾಲವೇ ಮುನ್ನೆಚ್ಚರಿಕೆಗೆ ಆಧಾರ. ಈ ತತ್ತ್ವವನ್ನನುಸರಿಸಿ 1949ರಲ್ಲಿಯೇ ಹವಾಯಿಯಲ್ಲಿ ಒಂದು ಕೇಂದ್ರ ಸ್ಥಾಪಿತವಾಗಿತ್ತು. 1960ರಲ್ಲಿ ಚಿಲಿಯಲ್ಲಿ ಎದ್ದ ಅಲೆ ಶಾಂತ ಮಹಾಸಾಗರವನ್ನೇ ದಾಟಿ ಜಪಾನಿನಲ್ಲಿ ಜನರನ್ನು ಕೊಂದಿತು. ಆ ಅನುಭವದ ಬಳಿಕ, 1965ರಿಂದ, ಅಲ್ಲಿಯ ರಾಷ್ಟ್ರಗಳು ಯುನೆಸ್ಕೋ ಆಶ್ರಯದಲ್ಲಿ ಒಟ್ಟುಗೂಡಿ ಕೆಲಸ ಮಾಡುತ್ತ ಬಂದಿವೆ.

2004ರ ಆ ದಿನ ಹವಾಯಿಯ ಕೇಂದ್ರವು ಕಾಲು ಗಂಟೆಯಲ್ಲಿ ಭೂಕಂಪವನ್ನು ಗುರುತಿಸಿತ್ತು. ಆದರೆ ಹಿಂದೂ ಮಹಾಸಾಗರದ ಆಳದಲ್ಲಿ ಅಲೆಯನ್ನು ಅಳೆದು ಹೇಳುವ ಉಪಕರಣಗಳಿರಲಿಲ್ಲ. ಯಾವ ದೇಶದಲ್ಲಿ ಯಾರಿಗೆ ತಿಳಿಸಬೇಕೆಂಬ ಏರ್ಪಾಡೂ ಇರಲಿಲ್ಲ. ವಿದ್ಯೆಯಿತ್ತು, ಒಡಂಬಡಿಕೆಯಿರಲಿಲ್ಲ.

2005ರಲ್ಲಿ ಯುನೆಸ್ಕೋದ ಅಂತರ ಸರ್ಕಾರಿ ಸಾಗರವಿಜ್ಞಾನ ಆಯೋಗವು ಈ ಸಾಗರದ ರಾಷ್ಟ್ರಗಳನ್ನು ಒಂದು ಮಂಡಲಿಯಾಗಿ ಕೂಡಿಸಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತೆಂದು ಯಾರಾದರೂ ಹೇಳಬಹುದು. ಆದರೂ ತೋಡಿದ ಬಾವಿ ಮುಂದಿನ ಬೆಂಕಿಗೆ ಒದಗುತ್ತದೆ. 2007ರಲ್ಲಿ ಹೈದರಾಬಾದಿನಲ್ಲಿ ಭಾರತದ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. 2011ರಿಂದ ಭಾರತ, ಇಂಡೋನೇಷ್ಯ, ಆಸ್ಟ್ರೇಲಿಯಗಳ ಕೇಂದ್ರಗಳು ಇಡೀ ಸಾಗರದ ನೆರೆಯವರಿಗೆ ಸಲಹೆ ಕಳುಹಿಸುತ್ತಿವೆ. ಭೂಕಂಪಮಾಪಕಗಳು, ಕಡಲ ತಳದಲ್ಲಿ ನೀರಿನ ಒತ್ತಡವನ್ನಳೆಯುವ ಯಂತ್ರಗಳು, ದಡದ ಉಬ್ಬರಮಾಪಕಗಳು—ಈ ಮೂರು ಬಗೆಯ ಉಪಕರಣಗಳು ಅವಕ್ಕೆ ಆಧಾರ. ತೇಲುಬುರುಡೆ ಮತ್ತು ಉಪಗ್ರಹಗಳ ಮೂಲಕ ಕಡಲ ತಳದ ಸುದ್ದಿ ದಡಕ್ಕೆ ಬರುತ್ತದೆ.

ಇಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಭೂಕಂಪವನ್ನು ಅಳೆಯುವ ಯಂತ್ರವೇ ಭೂಗರ್ಭದ ಅಣ್ವಸ್ತ್ರ ಪರೀಕ್ಷೆಯನ್ನೂ ಗುರುತಿಸಬಲ್ಲದು. ಕಡಲಿನ ಆಳದ ನಕ್ಷೆ ನೌಕಾಪಡೆಗೂ ಬೇಕು. ಆದುದರಿಂದ ಮಾಹಿತಿಯನ್ನು ಹಂಚಲು ರಾಷ್ಟ್ರಗಳು ಹಿಂಜರಿಯುವುದು ಸಹಜ. ಈ ವ್ಯವಸ್ಥೆಯಲ್ಲಿ ಸಲಹೆಯು ಎಲ್ಲರಿಗೂ ಹೋಗುತ್ತದೆ. ತನ್ನ ಪ್ರಜೆಗಳಿಗೆ ಎಚ್ಚರಿಕೆ ಸಾರುವ ಅಧಿಕಾರ ಮಾತ್ರ ಆಯಾ ಸರ್ಕಾರದಲ್ಲಿಯೇ ಉಳಿದಿದೆ. ಸಾರ್ವಭೌಮತ್ವವನ್ನು ಬಿಟ್ಟುಕೊಡದೆಯೂ ಸಹಕರಿಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. 2018ರ ಡಿಸೆಂಬರ್ 22ರಂದು ಇಂಡೋನೇಷ್ಯದಲ್ಲಿ ಕ್ರಕಟೋವದ ಮರಿ ಜ್ವಾಲಾಮುಖಿಯ ಒಂದು ಪಾರ್ಶ್ವ ಕುಸಿದು ಅಲೆಯೆದ್ದಿತು. ಭೂಕಂಪವನ್ನೇ ನಂಬಿದ್ದ ವ್ಯವಸ್ಥೆಗೆ ಅದು ಕಾಣಲಿಲ್ಲ. ನಾನೂರಕ್ಕೂ ಹೆಚ್ಚು ಜನ ಸತ್ತರು. ದಡದ ಹತ್ತಿರವೇ ಹುಟ್ಟುವ ಅಲೆಗಾದರೋ ಯಂತ್ರದ ಸಂದೇಶವನ್ನು ಕಾಯುವಷ್ಟು ಸಮಯವೇ ಇರುವುದಿಲ್ಲ. ಅಲ್ಲಿ ಜನರ ತಿಳಿವಳಿಕೆಯೇ ರಕ್ಷೆ. ಸುಮಾತ್ರಾ ಬಳಿಯ ಸಿಮೆಲು ದ್ವೀಪದಲ್ಲಿ, ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕೆಂಬ ಪಾಠ 1907ರ ಸುನಾಮಿಯಿಂದ ಅಜ್ಜಿ ಅಜ್ಜಂದಿರ ಬಾಯಲ್ಲಿ ಉಳಿದುಬಂದಿತ್ತು. 2004ರಲ್ಲಿ ಅಲ್ಲಿಯ ಸುಮಾರು 78,000 ಜನರಲ್ಲಿ ಸತ್ತವರು ಏಳೇ ಮಂದಿ. ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಹಳ್ಳಿಗಳು ಇಂಥ ಪಾಠವನ್ನು ಕ್ರಮವಾಗಿ ಕಲಿತು, 2020ರಲ್ಲಿ ಸುನಾಮಿಗೆ ಸಿದ್ಧವಾದ ಊರುಗಳೆಂದು ಯುನೆಸ್ಕೋ ಮನ್ನಣೆ ಪಡೆದವು. ಹೈದರಾಬಾದಿನ ಸಲಹೆಯು ಇಂಥ ಊರಿನ ಕೊನೆಯ ಗುಡಿಸಲನ್ನು ಮುಟ್ಟಿದಾಗಲೇ ಸಾರ್ಥಕ.

ನಮ್ಮ ಪಶ್ಚಿಮದ ಕಡಲಿಗೂ ಈ ಮಾತು ಸಲ್ಲುತ್ತದೆ. 1945ರ ನವೆಂಬರ್ 28ರಂದು ಮಕ್ರಾನ್ ತೀರದ ಭೂಕಂಪದಿಂದ ಎದ್ದ ಅಲೆ ಮುಂಬಯಿಯವರೆಗೂ ಬಂದು ಪ್ರಾಣಹಾನಿ ಮಾಡಿತು. ಆ ತೀರ ಇಂದು ಪಾಕಿಸ್ತಾನಕ್ಕೂ ಇರಾನಿಗೂ ಸೇರಿದೆ. ಅಲ್ಲಿ ಮತ್ತೆ ನೆಲ ನಡುಗಿದರೆ ಗುಜರಾತಿನಿಂದ ನಮ್ಮ ಕರಾವಳಿಯವರೆಗಿನ ಬೆಸ್ತರ ಕೇರಿಗಳಿಗೆ ಸುದ್ದಿ ಬೇಗ ಬೇಕಾಗುತ್ತದೆ. ಗಡಿಯ ವಿವಾದಗಳು ತಮ್ಮ ಕಾಲದಲ್ಲಿ ತೀರಲಿ. ಕಡಲ ಸುದ್ದಿ ಮಾತ್ರ ಅವುಗಳಿಗಾಗಿ ಕಾಯುವಂತಾಗಬಾರದು.