ನೆರೆಯ ಕೋಶ ಅಳಿದರೂ ತಾನು ಉಳಿಯುವುದೇಕೆ?

ಚಂದ್ರವಳ್ಳಿಯ ಗುಡ್ಡಗಳಲ್ಲಿ ಅಡ್ಡಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬಿಸಿಲು ಒಂದೇ, ಮಳೆಯೂ ಒಂದೇ. ಆದರೂ ಒಂದು ಬಂಡೆ ಪದರಪದರವಾಗಿ ಬಿರಿದು ಉದುರುತ್ತದೆ, ಪಕ್ಕದ ಬಂಡೆ ಗಟ್ಟಿಯಾಗಿ ನಿಲ್ಲುತ್ತದೆ. ಕಾರಣವನ್ನು ಬಂಡೆಯ ಒಳರಚನೆಯಲ್ಲಿ ಹುಡುಕಬೇಕು. ಇಂತಹುದೇ ಒಂದು ಸಮಸ್ಯೆ ನಮ್ಮ ಮಿದುಳಿನಲ್ಲಿಯೂ ಉಂಟು.

ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ನಿಧಾನವಾಗುವುದು—ಈ ಲಕ್ಷಣಗಳುಳ್ಳ ವ್ಯಾಧಿಯನ್ನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವರ್ಣಿಸಿದನು. ನಮ್ಮಲ್ಲಿ ಇದನ್ನು ಕಂಪವಾತವೆನ್ನುವರು. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಪಟ್ಟಿಯೊಂದಿದೆ. ಅಲ್ಲಿಯ ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಿ ನಮ್ಮ ಚಲನೆಯನ್ನು ಹದದಲ್ಲಿಡುತ್ತವೆ. ಈ ವ್ಯಾಧಿಯಲ್ಲಿ ಮುಖ್ಯವಾಗಿ ನಾಶವಾಗುವುವು ಇವೇ. ಸೋಜಿಗವೆಂದರೆ, ಇವುಗಳ ಮಗ್ಗುಲಲ್ಲೇ ಇದ್ದು ಡೋಪಮೀನನ್ನೇ ತಯಾರಿಸುವ ಇನ್ನೊಂದು ಗುಂಪು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಹಾಗಾದರೆ ಡೋಪಮೀನೊಂದೇ ಇದಕ್ಕೆ ಹೊಣೆಯಲ್ಲ.

ಮೊದಲನೆಯ ಕಾರಣ ದುಡಿಮೆ. ಇಲಿಯ ಮಿದುಳಿನಲ್ಲಿ ಇಂತಹ ಒಂದೇ ಕೋಶದ ತಂತು ಕವಲೊಡೆದು ಲಕ್ಷಕ್ಕೂ ಮಿಕ್ಕ ಸಂಧಿಗಳಿಗೆ ಸಂದೇಶ ಮುಟ್ಟಿಸುವುದೆಂದು ಅಂದಾಜು. ಎರಡನೆಯದು ಕ್ಯಾಲ್ಸಿಯಂ. ಈ ಕೋಶಗಳು ಗಡಿಯಾರದಂತೆ ತಾವಾಗಿಯೇ ವಿದ್ಯುತ್ ಸ್ಪಂದನಗಳನ್ನು ಹೊರಡಿಸುತ್ತಿರುತ್ತವೆ. ಆಗ ಕ್ಯಾಲ್ಸಿಯಂ ಅಯಾನುಗಳು ಒಳಕ್ಕೆ ನುಗ್ಗುತ್ತವೆ. ಸೋರುವ ಹರಿಗೋಲಿನಿಂದ ನೀರನ್ನು ಮೊಗೆದು ಚೆಲ್ಲುವ ಅಂಬಿಗನಂತೆ ಕೋಶವು ಅವನ್ನು ಸದಾ ಹೊರದೂಡುತ್ತಿರಬೇಕು. ಅದಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳ ಮೇಲೆ ಹೊರೆ ಬಿದ್ದು, ಹಾನಿಕರವಾದ ಆಕ್ಸಿಜನ್ ಸಂಯುಕ್ತಗಳು ಹುಟ್ಟುತ್ತವೆ. ಉಳಿಯುವ ಗುಂಪಿನಲ್ಲಾದರೋ ನುಗ್ಗುವ ಕ್ಯಾಲ್ಸಿಯಂ ಕಡಿಮೆ. ಮೇಲಾಗಿ ಅದನ್ನು ಹಿಡಿದಿಡುವ ಕ್ಯಾಲ್‌ಬಿಂಡಿನ್ ಎಂಬ ಪ್ರೋಟೀನು ಹೆಚ್ಚು.

ಕೋಶಗಳು ಎಷ್ಟಿವೆಯೆಂಬುದರಷ್ಟೇ ಹೇಗಿವೆಯೆಂಬುದೂ ಮುಖ್ಯವೆಂದು ತೋರಿಸುವ ಎಣಿಕೆಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ಅದನ್ನು 1998ರಲ್ಲಿ ಪ್ರಕಟಿಸಿದರು. ಈ ವ್ಯಾಧಿಯಿಲ್ಲದ ಭಾರತೀಯರ ಮಿದುಳುಗಳಲ್ಲಿ ಆ ಕಪ್ಪು ಕೋಶಗಳು ಬ್ರಿಟನ್ನಿನವರಿಗಿಂತ ಸುಮಾರು ಶೇಕಡಾ 40ರಷ್ಟು ಕಡಿಮೆಯಿದ್ದುವು. ಆದರೆ ವಯಸ್ಸು ಏರಿದಂತೆ ಅವು ನಶಿಸುವುದು ಕಂಡುಬರಲಿಲ್ಲ.

ಹಾಗಾದರೆ ಕ್ಯಾಲ್ಸಿಯಂ ನುಗ್ಗುವ ದ್ವಾರವನ್ನು ಮುಚ್ಚಿದರೆ ಸಾಲದೆ? ರಕ್ತದೊತ್ತಡಕ್ಕೆ ಕೊಡುವ ಇಸ್ರಡಿಪೀನ್ ಎಂಬ ಔಷಧಕ್ಕೆ ಆ ಗುಣವುಂಟು. ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು; 2020ರ ವರದಿಯಂತೆ ವ್ಯಾಧಿಯ ವೇಗ ತಗ್ಗಲಿಲ್ಲ. ಲಕ್ಷಣಗಳು ತೋರುವ ವೇಳೆಗೆ ಬಹಳಷ್ಟು ಕೋಶಗಳು ಅಳಿದೇ ಇರುತ್ತವೆ. ಇಂದಿನ ಔಷಧಗಳು ಡೋಪಮೀನಿನ ಕೊರತೆಯನ್ನು ತುಂಬಿಕೊಡುತ್ತವೆಯೇ ಹೊರತು ಕೋಶಗಳ ನಾಶವನ್ನು ತಡೆಯುವುವೆಂದು ಸಿದ್ಧವಾಗಿಲ್ಲ. ಆದುದರಿಂದ ಅಳಿದ ಕೋಶಗಳನ್ನು ಪರೀಕ್ಷಿಸಿದಂತೆಯೇ ಉಳಿದವುಗಳ ಬಾಳನ್ನೂ ನಾವು ಅರಿಯಬೇಕಾಗಿದೆ. ನಡುಗುವ ಕೈಗಳನ್ನು ನಿಲ್ಲಿಸುವ ಉಪಾಯವು ಅವುಗಳಲ್ಲಿ ಅಡಗಿರಬಹುದು.